ಅಂತಾರಾಷ್ಟ್ರೀಯ ಮಟ್ಟ ಆಮೇಲೆ, ಮೊದಲು ಹೊರಗಿನ ಚೀಟಿ ನಿಲ್ಲಿಸಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ಶರಣು ಶರಣಾರ್ಥಿ.

ಸಾಹೇಬರೇ, ಮೊದಲು ನನ್ನ ಗುರುತು ಹೇಳಿಬಿಡುತ್ತೇನೆ. ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರಿನಲ್ಲಿ ನಾನು ಸಹಕಾರಿ ಸೊಸೈಟಿಯೊಂದಕ್ಕೆ ಪಿಗ್ಮಿ, ಅಂದರೆ ಜನ ದಿನಾ ಕಟ್ಟುವ ಸಣ್ಣ ಉಳಿತಾಯ, ತುಂಬಿಸಿಕೊಳ್ಳುವಾಕೆ. ಹದಿನೇಳು ವರ್ಷವಾಯಿತು. ಮುಂಜಾನೆ ಕಾಯಿಪಲ್ಲೆ ಮಾರುವವರಿಂದ ಶುರುಮಾಡಿ ಕಿರಾಣಿ, ಗಿರಣಿ, ಕಟಿಂಗ್ ಅಂಗಡಿ ಸುತ್ತಿ, ಸಂಜೆ ಮಗ್ಗದ ಓಣಿ ಮುಗಿಸಿ ಮನೆಗೆ ಬರುತ್ತೇನೆ. ಓಣಿಯಲ್ಲಿ ನನ್ನನ್ನು ಎಲ್ಲರೂ ಪಿಗ್ಮಿ ಅಕ್ಕಾ ಅಂತಲೇ ಕರೆಯುತ್ತಾರೆ. ನೀವೂ ಹೋದ ಚುನಾವಣೆಯಲ್ಲಿ ಹಾಗೇ ಕರೆದು ಕೈಮುಗಿದಿದ್ದಿರಿ.

ಊರಿನ ಹೆಸರನ್ನು ಬೇಕಂತಲೇ ಬರೆದಿಲ್ಲ. ಬರೆದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಪಾಪ, ಸರ್ಕಾರಿ ದವಾಖಾನೆಯ ಯಾರೋ ಒಬ್ಬ ಸಿಸ್ಟರ್‌ಗೆ ನೋಟಿಸ್ ಬರುತ್ತದೆ. ಗುಳಿಗೆ ಬರೋದಿಲ್ಲ.

ನಿಮಗೆ ಈ ಮೊದಲು ಎರಡು ಸಲ ಮನವಿ ಕೊಟ್ಟಿದ್ದೇನೆ. ಒಂದನ್ನು ನಿಮ್ಮ ಪಿಎ ಇಸಕೊಂಡರು. ಇನ್ನೊಂದನ್ನು ಜನಸ್ಪಂದನದಲ್ಲಿ ನಿಮ್ಮ ಕೈಗೇ ಕೊಟ್ಟೆ. "ಆಯ್ತಮ್ಮಾ, ನೋಡೋಣ" ಅಂದಿರಿ. ನೋಡ್ತಾ ಇದ್ದೀರಿ ಅಂದುಕೊಂಡು ಸುಮ್ನೆ ಇದ್ದೆ. ಆದರೆ ಈ ಸಲದ ರಾಜ್ಯೋತ್ಸವದಲ್ಲಿ ನೀವು ಮೈಕ್ ಹಿಡಿದು, "ನಮ್ಮ ತಾಲೂಕಿಗೆ ಅಂತಾರಾಷ್ಟ್ರೀಯ ಮಟ್ಟದ ಆಸ್ಪತ್ರೆ ತಂದೇ ತರ್ತೀನಿ" ಅಂದಿರಲ್ಲ, ಆಗ ನಾನು ಪಿಗ್ಮಿ ಮಷಿನ್ ಹೆಗಲಿಗೆ ಹಾಕಿಕೊಂಡು ಮೈದಾನದ ಅಂಚಿನಲ್ಲೇ ನಿಂತಿದ್ದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಕೈ ಎತ್ತೋಕೆ ಆಗಲಿಲ್ಲ. ಅವತ್ತು ರಾತ್ರಿಯೇ ಈ ಪತ್ರ ಬರೆಯೋಕೆ ಕೂತೆ.

ನನ್ನ ಬೇಡಿಕೆ ಒಂದೇ. ಸರ್ಕಾರಿ ದವಾಖಾನೆಯಿಂದ ಹೊರಗಿನ ಚೀಟಿ ಬರೆಯೋದನ್ನು ನಿಲ್ಲಿಸಿ.

ಹೊರಗಿನ ಚೀಟಿ ಅಂದರೆ ನಿಮಗೆ ಗೊತ್ತಿಲ್ಲದೆ ಏನು. ತಾಲೂಕಾಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ನೀವೇ ಅಧ್ಯಕ್ಷರು. ಆದರೂ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಡಾಕ್ಟರು ನೋಡುತ್ತಾರೆ, ಫ್ರೀ. ಆಮೇಲೆ ಅರ್ಧ ಔಷಧಿ ಕೌಂಟರಿನಲ್ಲಿ ಸಿಗುತ್ತದೆ. ಉಳಿದರ್ಧವನ್ನು ಒಂದು ಸಣ್ಣ ತುಂಡು ಕಾಗದದ ಮೇಲೆ ಬರೆದು ಕೊಡುತ್ತಾರೆ. ಅದಕ್ಕೆ ದವಾಖಾನೆಯ ಹೆಸರಿಲ್ಲ, ಸೀಲಿಲ್ಲ, ಸಹಿ ಇಲ್ಲ. ಕ್ಯಾಲೆಂಡರಿನ ಹಿಂಬದಿ, ಔಷಧಿ ಡಬ್ಬಿಯ ರಟ್ಟು, ಏನು ಸಿಕ್ಕರೆ ಅದು. ಗೇಟಿನ ಎದುರಿಗಿನ ಮೆಡಿಕಲ್ ಅಂಗಡಿಯವನಿಗೆ ಆ ಅಕ್ಷರ ಓದೋಕೆ ಬರುತ್ತದೆ. ನಮಗೆ ಬರೋದಿಲ್ಲ.

ನನ್ನ ಪಿಗ್ಮಿ ಪುಸ್ತಕದಲ್ಲಿ ಒಂದು ರೂಢಿ ಇದೆ. ವರ್ಷ ತುಂಬುವ ಮೊದಲೇ ಯಾರಾದರೂ ಪಿಗ್ಮಿ ಒಡೆದರೆ, ಅವರ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಅಕ್ಷರ ಬರೆಯುತ್ತೇನೆ. ಮದುವೆಗೆ 'ಮ'. ಬೀಜ-ಗೊಬ್ಬರಕ್ಕೆ 'ಬ'. ದವಾಖಾನೆಗೆ 'ದ'. ಸೊಸೈಟಿಯವರು ಕೇಳಿದ್ದಲ್ಲ, ನನ್ನ ಸಲುವಾಗಿ ಬರೆಯೋದು. ಮರುದಿನ ಆ ಮನೆಗೆ ಹೋದಾಗ ಯಾವ ಮಾತಿನಿಂದ ಶುರುಮಾಡಬೇಕು ಅಂತ ಗೊತ್ತಿರಬೇಕಲ್ವಾ? ಹದಿನೇಳು ವರ್ಷದ ಹಿಂದೆ 'ಮ' ಜಾಸ್ತಿ ಇರುತ್ತಿತ್ತು. ಈಗ ಪುಟ ತಿರುವಿದರೆ ಬರೀ 'ದ'. ನಿಮ್ಮ ಆಫೀಸಿನಲ್ಲಿ ಚಹಾ ಕೊಡುವ ಹುಡುಗ ದಿನಾ 50 ರೂಪಾಯಿ ಕಟ್ಟುತ್ತಿದ್ದ. ಹೋದ ತಿಂಗಳು ಒಡೆದ. ಅವನದೂ 'ದ'ನೇ. ನಿಮಗೆ ಹೇಳಿರೋದಿಲ್ಲ, ಅಂಜುತ್ತಾನೆ.

ಇನ್ನು ನಮ್ಮ ಮನೆಯ 'ದ' ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ. ನಾನು ಎರಡು ವರ್ಷ ತಾಳಿದ್ದೇನೆ.

ನಮ್ಮ ಅತ್ತೆಗೆ ಬಿಪಿ, ಸಕ್ಕರೆ ಎರಡೂ ಇವೆ. ದಿನಾ ಗುಳಿಗೆ ತಪ್ಪಿಸಬಾರದು ಅಂತ ಡಾಕ್ಟರು ಹೇಳಿದ್ದಾರೆ. ಡಾಕ್ಟರು ಒಳ್ಳೆಯವರು, ಅವರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಕೌಂಟರಿನಲ್ಲಿ ಒಮ್ಮೆಗೆ ಹತ್ತು ದಿನದ ಗುಳಿಗೆ ಕೊಡುತ್ತಾರೆ. ಕೆಲವು ಸಲ ಐದೇ ದಿನದ್ದು. "ಸ್ಟಾಕ್ ಇಲ್ರಿ, ಹೊರಗ ತಗೋರಿ." ಹತ್ತು ದಿನಕ್ಕೊಮ್ಮೆ ಅತ್ತೆ ಆಟೋ ಮಾಡಿಕೊಂಡು ಹೋಗಿ, ಸಾಲಿನಲ್ಲಿ ನಿಂತು, ಮತ್ತೆ ಅದೇ ಮಾತು ಕೇಳಿಕೊಂಡು ಬರಬೇಕು. ಆಟೋದ ರೊಕ್ಕ ಗುಳಿಗೆಗಿಂತ ಜಾಸ್ತಿ.

ನಮ್ಮ ಅತ್ತೆ ಲೆಕ್ಕದಲ್ಲಿ ಗಟ್ಟಿ. ನನಗೆ ಹೇಳದೆ ತಾವೇ ಒಂದು ಉಪಾಯ ಮಾಡಿಕೊಂಡರು. ಅಡಕೊತ್ತಿನಿಂದ ಗುಳಿಗೆಯನ್ನು ಎರಡು ಹೋಳು ಮಾಡೋದು, ಇವತ್ತು ಅರ್ಧ, ನಾಳೆ ಅರ್ಧ. ಅಡಕೆ ಕತ್ತರಿಸಿದ ಹಾಗೇ. ಎಲೆ-ಅಡಕೆ ಚಂಚಿಯಲ್ಲೇ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆ ಹೋಳುಗಳನ್ನು ಇಟ್ಟುಕೊಂಡಿದ್ದರು. ಮೂಲೆ ಉದುರಿದ ಪುಡಿಯನ್ನೂ ಚೆಲ್ಲಿರಲಿಲ್ಲ. ಎಷ್ಟು ತಿಂಗಳು ಹೀಗೆ ನಡೀತೋ ಗೊತ್ತಿಲ್ಲ. ಲಕ್ವ ಹೊಡೆದ ಮೇಲೆ, ಅವರ ಸೀರೆ ಬದಲಿಸುವಾಗ ಚಂಚಿ ನನ್ನ ಕೈಗೆ ಬಂತು.

ಅವತ್ತು ರಾತ್ರಿ ಹತ್ತೂವರೆ. ರೊಟ್ಟಿ ಮುರಿಯೋಕೆ ಹೋದವರ ಬಲಗೈ ತಟ್ಟೆಯಲ್ಲೇ ಉಳಿಯಿತು. ಬಾಯಿ ಒಂದು ಕಡೆ ಎಳೆಯಿತು. ತಾಲೂಕಾಸ್ಪತ್ರೆಗೆ ಒಯ್ದೆವು. ಅಲ್ಲಿದ್ದ ಸಿಸ್ಟರ್ ನೋಡಿದ ಕೂಡಲೇ "ಸ್ಟ್ರೋಕ್ ಐತಿ, ಸಿಟಿ ಸ್ಕ್ಯಾನ್ ಬೇಕು, ಇಲ್ಲಿ ಇಲ್ಲ" ಅಂದರು. 108 ಬರುವವರೆಗೆ ಸುಮ್ನೆ ಇರೋಕೆ ಆಗುತ್ತಾ? ಕೈಗೆ ಚೀಟಿ ಬಂತು. ಗ್ಲೌಸ್, ಸೂಜಿ, ಮೂತ್ರದ ಚೀಲ, ಒಂದು ಇಂಜೆಕ್ಷನ್. ಸಾಹೇಬರೇ, ಸರ್ಕಾರಿ ಸಿಸ್ಟರ್ ಕೈಗೆ ಹಾಕಿಕೊಳ್ಳುವ ಗ್ಲೌಸನ್ನು ನಾನು ಕೊಂಡುಕೊಟ್ಟೆ.

ಎದುರಿಗಿನ ಮೆಡಿಕಲ್ ಶಟರ್ ಹಾಕಿತ್ತು. ಬಡಿದು ಬಡಿದು ಎಬ್ಬಿಸಿದೆ. ನಮ್ಮ ಮನೆಯವರ ಜೇಬಿನಲ್ಲಿ ಇನ್ನೂರು ರೂಪಾಯಿಯೂ ಇರಲಿಲ್ಲ. ನನ್ನ ಹೆಗಲ ಚೀಲದಲ್ಲಿ ಅವತ್ತಿನ ಪಿಗ್ಮಿ ಇತ್ತು, 11,460 ರೂಪಾಯಿ. ಮರುದಿನ ಹತ್ತಕ್ಕೆ ಸೊಸೈಟಿಗೆ ಕಟ್ಟಬೇಕಾದ ರೊಕ್ಕ. ಕಾಯಿಪಲ್ಲೆಯವರದು, ಇಸ್ತ್ರಿಯವನದು, ಮಗ್ಗದವರದು. ಅಷ್ಟು ವರ್ಷ ಅದರಲ್ಲಿ ಒಂದು ರೂಪಾಯಿ ಮುಟ್ಟಿರಲಿಲ್ಲ. ಆ ರಾತ್ರಿ ಮುಟ್ಟಿದೆ. ಬೆಳಗ್ಗೆ ಮಗ ಹೋಗಿ ನನ್ನ ಬೆಂಡೋಲೆ ಇಟ್ಟು ಕಟ್ಟಿ ಬಂದ, ಯಾರಿಗೂ ಗೊತ್ತಾಗಲಿಲ್ಲ. ಆದರೆ ನನಗೆ ಗೊತ್ತಿದೆಯಲ್ಲ. ನಿಮ್ಮ ಹೊರಗಿನ ಚೀಟಿ ನನ್ನನ್ನು ಒಂದು ರಾತ್ರಿಯ ಮಟ್ಟಿಗೆ ಕಳ್ಳಿ ಮಾಡಿತು.

ಮುಂದಿನದನ್ನು ಕೇಳಿ. 108 ಬಂತು. ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರಲ್ ಪತ್ರ, ಆಯುಷ್ಮಾನ್ ಕಾರ್ಡ್ ಹಿಡಿದು ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ರಕ್ತ ಹೆಪ್ಪುಗಟ್ಟಿ ಹೊಡೆಯುವ ಲಕ್ವಕ್ಕೆ ನಾಲ್ಕೂವರೆ ತಾಸಿನೊಳಗೆ ಇಂಜೆಕ್ಷನ್ ಕೊಟ್ಟರೆ ಕೆಲವರ ಕೈಕಾಲು ವಾಪಸ್ ಬರುತ್ತವಂತೆ. ಕೌಂಟರಿನ ಹುಡುಗ ಪತ್ರವನ್ನು ಲೈಟಿಗೆ ಹಿಡಿದು ನೋಡಿದ. ತಿರುಗಿಸಿ ನೋಡಿದ. "ಸೀಲ್ ಕಾಣವಲ್ದು" ಅಂದ. ತಾಲೂಕಾಸ್ಪತ್ರೆಯ ಸ್ಟಾಂಪ್ ಪ್ಯಾಡ್ ಒಣಗಿತ್ತು. ಸೀಲ್ ಒತ್ತಿದ್ದರು, ಮಸಿ ಬಿದ್ದಿರಲಿಲ್ಲ. ಕಾಗದದ ಮೇಲೆ ದುಂಡಗೆ ಒಂದು ತಗ್ಗು ಮಾತ್ರ. ಬೆರಳಿಟ್ಟರೆ ಗೊತ್ತಾಗುತ್ತಿತ್ತು.

"ಸೀಲ್ ಇಲ್ಲಂದ್ರ ಕಾರ್ಡ್ ನಡೆಂಗಿಲ್ಲ. ಸದ್ಯಕ್ಕ ಐವತ್ತು ಸಾವಿರ ಕಟ್ರಿ."

ಅವತ್ತು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಮಾಡಿ, ನಮ್ಮ ಮನೆಯವರ ಮಗ್ಗದ ಸಾವಕಾರರನ್ನು ಎಬ್ಬಿಸಿ ರೊಕ್ಕ ಹಾಕಿಸಿಕೊಂಡೆವು. ಬೆಳಗ್ಗೆ ಮಗ ಬೈಕಿನಲ್ಲಿ ಊರಿಗೆ ಹೋಗಿ, ಹೊಸ ಸೀಲ್ ಒತ್ತಿಸಿಕೊಂಡು ಬಂದ. ಆಗ ಅದೇ ಹುಡುಗ ಏನಂದ ಗೊತ್ತಾ? "ಮೊದಲು ಕ್ಯಾಶ್ ಕಟ್ಟೀರಲ್ಲ, ಈಗ ಕಾರ್ಡಿಗೆ ಬದಲಿ ಮಾಡಾಕ ಬರಂಗಿಲ್ಲ." ಎಂಟು ದಿನಕ್ಕೆ ಬಿಲ್ 1,43,000 ರೂಪಾಯಿ. ನನ್ನ ಕೊರಳ ಬೋರಮಾಳ ಈಗ ನಾನು ಕೆಲಸ ಮಾಡುವ ಸೊಸೈಟಿಯ ತಿಜೋರಿಯಲ್ಲೇ ಅಡ ಕೂತಿದೆ. ನನ್ನ ಸಾಲದ ಬಡ್ಡಿಯನ್ನು ನಾನೇ ಒಯ್ದು ಕಟ್ಟುತ್ತೇನೆ.

ಒಂದು ಸ್ಟಾಂಪ್ ಪ್ಯಾಡಿನ ಬೆಲೆ ಎಷ್ಟು ಸಾಹೇಬರೇ? ನಮ್ಮ ಸೊಸೈಟಿಯಲ್ಲಿ ಒಣಗಿದರೆ ಮ್ಯಾನೇಜರು ಎರಡು ಹನಿ ಮಸಿ ಹಾಕುತ್ತಾರೆ, ಮುಗೀತು.

ನಿಯಮ ಎಲ್ಲಾ ನಿಮಗೆ ಗೊತ್ತೇ ಇದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಇದೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ರೆಫರಲ್ ಪತ್ರವೇ ಬೇಡ. ಖಾಸಗಿ ಆಸ್ಪತ್ರೆಗಳ ಕಾನೂನಿಗೆ 2017ರಲ್ಲಿ ತಿದ್ದುಪಡಿ ತರುವಾಗ ಬೆಳಗಾವಿ ಅಧಿವೇಶನದ ಹೊತ್ತಿನಲ್ಲೇ ಡಾಕ್ಟರುಗಳು ಮುಷ್ಕರ ಹೂಡಿದ್ದರು, ನೆನಪಿರಬೇಕು. ಕೊನೆಗೆ ಕಾನೂನು ಬಂತು. ದರಪಟ್ಟಿ ಹಾಕಬೇಕು, ತುರ್ತಿನಲ್ಲಿ ಅಡ್ವಾನ್ಸಿಗಾಗಿ ಕಾಯಿಸಬಾರದು, ದೂರು ಕೇಳೋಕೆ ಜಿಲ್ಲಾಧಿಕಾರಿಗಳ ಸಮಿತಿ. ಕಾಗದದ ಮೇಲೆ ನಮಗೆ ಯಾವುದಕ್ಕೂ ಕಡಿಮೆ ಇಲ್ಲ. ರಾತ್ರಿ ಎರಡಕ್ಕೆ ಮಾತ್ರ ಆ ಕಾಗದ ಕೆಲಸಕ್ಕೆ ಬರಲಿಲ್ಲ.

ಇನ್ನೂ ಒಂದು ಮಾತು. ಆ 5 ಲಕ್ಷದ ಕಾರ್ಡು ಆಸ್ಪತ್ರೆಯಲ್ಲಿ ಮಲಗಿದವರಿಗೆ. ಎದ್ದು ಓಡಾಡುವವರ ದಿನದ ಗುಳಿಗೆಗೆ ಅದರಲ್ಲಿ ರೊಕ್ಕ ಇಲ್ಲ. ಅಂದರೆ ಒಂದೆರಡು ರೂಪಾಯಿಯ ಗುಳಿಗೆಗೆ ಸ್ಟಾಕ್ ಇಲ್ಲ, ಗುಳಿಗೆ ತಪ್ಪಿ ಲಕ್ವ ಹೊಡೆದ ಮೇಲೆ ಲಕ್ಷಗಟ್ಟಲೆ ಇದೆ. ಅದೂ ಸೀಲ್ ಕಂಡರೆ. ಇದು ಯಾವ ಊರಿನ ಲೆಕ್ಕ? ನನ್ನ ಪಿಗ್ಮಿ ಪುಸ್ತಕದಲ್ಲಿ ಹೀಗೆ ಲೆಕ್ಕ ಬರೆದರೆ ಸೊಸೈಟಿಯವರು ಮರುದಿನವೇ ಮಷಿನ್ ಕಸಿದುಕೊಳ್ಳುತ್ತಾರೆ.

ನನ್ನ ಮಗಳು ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಎಂಎ ಓದುತ್ತಿದ್ದಾಳೆ. ಆರೋಗ್ಯದ ಅರ್ಥಶಾಸ್ತ್ರ ಅಂತ ಅವರಿಗೊಂದು ವಿಷಯವೇ ಇದೆಯಂತೆ. ಭಾನುವಾರ ಬಂದಾಗ ನಾನು ಚಿಲ್ಲರೆ ಎಣಿಸುತ್ತಾ ಕೂತಿರುತ್ತೇನೆ, ಅವಳು ನೋಟ್ಸ್ ಓದಿ ಹೇಳುತ್ತಾಳೆ. ಅಂತಾರಾಷ್ಟ್ರೀಯ ಮಟ್ಟ ಅಂದರೆ ಏನು ಅಂತ ನಾನು ಕಲಿತದ್ದು ಹೀಗೆ. ನೀವು ಕಲಿತದ್ದು ಹೇಗೆ ಅಂತ ನಿಮ್ಮ ಸ್ಟೇಟಸ್‌ನಲ್ಲಿ ನೋಡಿದ್ದೇನೆ. ಬ್ಯಾಂಕಾಕ್‌ನ ಬಂಗಾರದ ಬುದ್ಧನ ಮುಂದೆ, ಕರಿ ಕನ್ನಡಕ ಹಾಕಿಕೊಂಡು ನಿಂತ ಫೋಟೋ. ಚೆನ್ನಾಗಿ ಬಂದಿದೆ. ಅಧ್ಯಯನ ಪ್ರವಾಸ ಅಂತ ಕೆಳಗೆ ಬರೆದಿತ್ತು.

ಅಧ್ಯಯನಕ್ಕೇ ಹೋಗಿದ್ದರೆ ಅಲ್ಲಿನ ಒಂದು ತಾಲೂಕು ಆಸ್ಪತ್ರೆಗೆ ಹತ್ತು ನಿಮಿಷ ಹೋಗಿ ಬರಬಹುದಿತ್ತು. ಯಾಕೆ ಹೇಳುತ್ತೇನೆ ಅಂದರೆ, 1997ರಲ್ಲಿ ಆ ಥೈಲ್ಯಾಂಡ್ ದಿವಾಳಿಯ ಅಂಚಿಗೆ ಬಂದಿತ್ತು. ಅವರ ರೊಕ್ಕಕ್ಕೆ ಬಾತ್ ಅನ್ನುತ್ತಾರೆ. ಅದು ಧೊಪ್ಪಂತ ಬಿದ್ದು, ಅದರ ಹಿಂದೆ ಸುತ್ತಲಿನ ದೇಶಗಳೂ ಬಿದ್ದವು. ಅದಾಗಿ ನಾಲ್ಕೇ ವರ್ಷಕ್ಕೆ, 2001ರಲ್ಲಿ, ಅವರು 30 ಬಾತ್ ಯೋಜನೆ ಶುರುಮಾಡಿದರು. ಆಗಿನ ಲೆಕ್ಕದಲ್ಲಿ ನಮ್ಮ ಮೂವತ್ತು-ಮೂವತ್ತೈದು ರೂಪಾಯಿ. ಒಂದು ಸಲಕ್ಕೆ ಅಷ್ಟು ಕೊಟ್ಟರೆ ನೆಗಡಿಯಿಂದ ಆಪರೇಷನ್‌ವರೆಗೆ ಅಲ್ಲೇ, ಔಷಧಿಯೂ ಅಲ್ಲೇ. 2002ಕ್ಕೆ ಅದನ್ನು ಕಾನೂನು ಮಾಡಿದರು. ನಮ್ಮ ಕಾರ್ಡಿನ ಹಾಗೆ ಮಲಗಿದವರಿಗೆ ಮಾತ್ರ ಅಲ್ಲ, ಗುಳಿಗೆ ಇಸಕೊಂಡು ಮನೆಗೆ ಹೋಗುವವರಿಗೂ.

ಹೇಗೆ ಸಾಧ್ಯವಾಯಿತು ಅಂತ ಮಗಳನ್ನು ಕೇಳಿದೆ. ಅವಳು ಎರಡು ಸಂಗತಿ ಹೇಳಿದಳು. ಒಂದು, ಅವರು 1980ರ ದಶಕದಲ್ಲೇ ಪಟ್ಟಣದ ದೊಡ್ಡ ಆಸ್ಪತ್ರೆಗಳಿಗೆ ಹೊಸ ಕಟ್ಟಡದ ರೊಕ್ಕವನ್ನು ಕೆಲವು ವರ್ಷ ತಡೆದು, ಆ ರೊಕ್ಕದಲ್ಲಿ ತಾಲೂಕು ಮಟ್ಟದ ಆಸ್ಪತ್ರೆ ಕಟ್ಟಿದ್ದರು. ಇನ್ನೊಂದು, ಸರ್ಕಾರ ಆಸ್ಪತ್ರೆಗಳಿಗೆ ಬಿಲ್ ಬಂದ ಹಾಗೆ ಕೊಡೋದಿಲ್ಲ, ತಲೆ ಲೆಕ್ಕದಲ್ಲಿ ಗಂಟು ಮೊದಲೇ ಗೊತ್ತುಮಾಡುತ್ತದೆ, ಮಲಗಿದವರ ಖರ್ಚೂ ಆ ಗೊತ್ತಾದ ಗಂಟಿನೊಳಗೇ. ನಿನ್ನ ಸುತ್ತ ಇಷ್ಟು ಮಂದಿ ಇದ್ದಾರೆ, ತಲೆಗೆ ವರ್ಷಕ್ಕೆ ಇಷ್ಟು ತಗೋ, ನೋಡಿಕೋ. ಮೊದಲು ತಲೆಗೆ 1,202 ಬಾತ್ ಇತ್ತಂತೆ. ಹಾಗೆ ಕೊಟ್ಟರೆ ಆಸ್ಪತ್ರೆಯವರಿಗೇ ಜನರ ಬಿಪಿ ಹತೋಟಿಯಲ್ಲಿಡುವ ಅವಸರ ಇರುತ್ತದೆ. ಲಕ್ವ ಹೊಡೆದರೆ ಅವರ ಗಂಟೇ ಕರಗುತ್ತದೆಯಲ್ವಾ? ನಮ್ಮ ಓಣಿಯ ಲೆಕ್ಕ ಉಲ್ಟಾ. ಅತ್ತೆ ಎಷ್ಟು ದಿನ ಮಲಗಿದರೆ ಅಷ್ಟು ದಿನದ ಬಿಲ್.

ಮಗಳು ಅಮೆರಿಕದ ಒಬ್ಬ ಅರ್ಥಶಾಸ್ತ್ರಜ್ಞರ ಹೆಸರು ಹೇಳಿದಳು, ಕೆನೆತ್ ಆ್ಯರೋ. 1963ರಲ್ಲೇ ಬರೆದಿದ್ದರಂತೆ, ಚಿಕಿತ್ಸೆ ಅನ್ನೋದು ಬೇರೆ ಸಾಮಾನಿನ ಹಾಗೆ ಪೇಟೆಯಲ್ಲಿ ಕೊಳ್ಳುವಂಥದ್ದಲ್ಲ, ಯಾಕಂದರೆ ಮಾರುವವನಿಗೆ ಗೊತ್ತಿರುವಷ್ಟು ಕೊಳ್ಳುವವನಿಗೆ ಗೊತ್ತಿರೋದಿಲ್ಲ, ಯಾವಾಗ ಬೇಕಾದೀತು ಅಂತಲೂ ಗೊತ್ತಿರೋದಿಲ್ಲ. ಇದಕ್ಕೆ ಆಮೇಲೆ ನೊಬೆಲ್ ಬಂದವರು ಬೇಕಿತ್ತಾ ಅಂತ ನಾನು ನಕ್ಕೆ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುತ್ತೇನೆ. ಹುಳ ಇದ್ದರೆ ಮುಂದಿನ ಬುಟ್ಟಿಗೆ ಹೋಗುತ್ತೇನೆ. ಬಾಯಿ ಸೊಟ್ಟಗಾದ ಅತ್ತೆಯನ್ನು ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ಯಾವ ಬುಟ್ಟಿಗೆ ಹೋಗಲಿ? ಆದರೆ ಅಮೆರಿಕದವರೇ ಆತನ ಮಾತು ಕೇಳಿದ ಹಾಗೆ ಕಾಣೋದಿಲ್ಲ. ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ಹದಿನೇಳು-ಹದಿನೆಂಟರಷ್ಟು ಆರೋಗ್ಯಕ್ಕೆ ಸುರಿದರೂ ಅಲ್ಲಿ ಜನ ಆಸ್ಪತ್ರೆ ಸಾಲದಲ್ಲಿ ಮುಳುಗುತ್ತಾರಂತೆ. ಆದ್ದರಿಂದ ದಯವಿಟ್ಟು ನಿಮ್ಮ ಅಂತಾರಾಷ್ಟ್ರೀಯ ಮಟ್ಟ ಅಮೆರಿಕದ್ದು ಆಗಿರದಿರಲಿ.

"ಅವರು ಶ್ರೀಮಂತರಮ್ಮಾ, ನಮ್ಮ ಸರ್ಕಾರದ ಹತ್ರ ರೊಕ್ಕ ಎಲ್ಲಿದೆ" ಅನ್ನುತ್ತೀರಿ. ಜನಸ್ಪಂದನದಲ್ಲೂ ಅದನ್ನೇ ಅಂದಿರಿ. ಇಂಗ್ಲೆಂಡ್‌ನವರು ಎಲ್ಲರಿಗೂ ಉಚಿತ ಚಿಕಿತ್ಸೆ ಶುರುಮಾಡಿದ್ದು 1948ರ ಜುಲೈ 5ಕ್ಕೆ. ಯುದ್ಧ ಮುಗಿದು ದೇಶ ಸಾಲದಲ್ಲಿತ್ತು. ಆ ದಿನ ಅಲ್ಲಿ ಬ್ರೆಡ್ ಕೂಡ ರೇಷನ್‌ನಲ್ಲಿ ಸಿಗುತ್ತಿತ್ತು. ತಿನ್ನೋ ರೊಟ್ಟಿಯನ್ನೇ ಅಳೆದು ಕೊಡುವ ಕಾಲದಲ್ಲಿ ಔಷಧಿಗೆ ಅವರು ಹೊರಗಿನ ಚೀಟಿ ಬರೆಯಲಿಲ್ಲ.

ಪಾಸ್‌ಪೋರ್ಟೂ ಬೇಡ, ಚೆನ್ನೈಗೆ ಹೋಗಿ ಬನ್ನಿ. ತಮಿಳುನಾಡಿನವರು 1994ರಲ್ಲೇ ಔಷಧಿ ಕೊಳ್ಳೋಕೆ ಒಂದು ನಿಗಮ ಮಾಡಿಕೊಂಡರು. ಇಡೀ ರಾಜ್ಯಕ್ಕೆ ಒಟ್ಟಿಗೆ ಟೆಂಡರ್, ಜಿಲ್ಲೆಗೊಂದು ಗೋದಾಮು, ಹಂಚುವ ಮೊದಲು ಪರೀಕ್ಷೆ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಯಾವುದು ಗೊತ್ತಾ? ಪ್ರತಿ ಸರ್ಕಾರಿ ಆಸ್ಪತ್ರೆಗೂ ಒಂದು ಪಾಸ್‌ಬುಕ್. ವರ್ಷಕ್ಕೆ ಇಷ್ಟು ರೂಪಾಯಿಯ ಔಷಧಿ ಅಂತ ಅದರಲ್ಲಿ ಜಮಾ. ಗೋದಾಮಿನಿಂದ ಎತ್ತಿದ ಹಾಗೆ ಖರ್ಚು ಬೀಳುತ್ತದೆ. ಎಷ್ಟು ಎತ್ತಿದೆ, ಎಷ್ಟು ಉಳಿದಿದೆ, ಎಲ್ಲಾ ಕಣ್ಣೆದುರು. ನಮ್ಮ ಪಿಗ್ಮಿ ಪಾಸ್‌ಬುಕ್ಕಿನ ಹಾಗೇ! ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಇಷ್ಟು ಸಾದಾ ಕೆಲಸ. ನಾನು ದಿನಾ ಮುನ್ನೂರು ಮನೆಗೆ ಮಾಡುವ ಕೆಲಸ. ಆಮೇಲೆ ರಾಜಸ್ಥಾನದವರೂ 2011ರಿಂದ ಉಚಿತ ಔಷಧಿ ಶುರುಮಾಡಿದರು. ನಮ್ಮಲ್ಲೂ ನಿಗಮ ಇದೆ. ಆದರೆ ನಮ್ಮ ತಾಲೂಕಾಸ್ಪತ್ರೆಯ ಸ್ಟಾಕ್ ಎಷ್ಟು ಅಂತ ಗೋಡೆಯ ಮೇಲೆ ಒಂದು ಹಲಗೆ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತು, ಸಲೈನ್ ಬಾಟಲಿಯ ಮಾತು ಎದ್ದಾಗಲಾದರೂ ಔಷಧಿ ಎಲ್ಲಿಂದ ಬರುತ್ತದೆ ಅಂತ ನೀವೆಲ್ಲ ಕೂತು ನೋಡುತ್ತೀರಿ ಅಂದುಕೊಂಡಿದ್ದೆ.

ಇನ್ನು ರೊಕ್ಕದ ಮಾತು. ಇದರಲ್ಲಿ ನನ್ನನ್ನು ಏಮಾರಿಸೋಕೆ ಆಗೋದಿಲ್ಲ, ನನ್ನ ಹೊಟ್ಟೆಪಾಡೇ ಅದು. 2025–26ರ ರಾಜ್ಯ ಬಜೆಟ್ 4,09,549 ಕೋಟಿ. ಅದರಲ್ಲಿ ಆರೋಗ್ಯ ಇಲಾಖೆಗೆ 17,473 ಕೋಟಿ. ನೂರಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. ರಾಜ್ಯಗಳು ನೂರಕ್ಕೆ ಎಂಟಕ್ಕಿಂತ ಜಾಸ್ತಿ ಇಡಬೇಕು, ಅದೂ 2020ರೊಳಗೆ ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೇ ಬರೆದಿದೆ. ಕರ್ನಾಟಕದಲ್ಲಿ ಸುಮಾರು ಏಳು ಕೋಟಿ ಮಂದಿ ಅಂತ ಹಿಡಿದು ನಾನು ಕ್ಯಾಲ್ಕುಲೇಟರ್ ಒತ್ತಿದೆ. ತಲೆಗೆ ವರ್ಷಕ್ಕೆ 2,500 ರೂಪಾಯಿ ಆಸುಪಾಸು. ದಿನಕ್ಕೆ ಏಳು ರೂಪಾಯಿಯೂ ತುಂಬೋದಿಲ್ಲ.

ಸಾಹೇಬರೇ, ನನ್ನ ಪುಸ್ತಕದಲ್ಲಿ ಅತಿ ಸಣ್ಣ ಪಿಗ್ಮಿ ದಿನಕ್ಕೆ 20 ರೂಪಾಯಿ. ಕಟ್ಟುವಾಕೆ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಅಜ್ಜಿ. ಏಳು ರೂಪಾಯಿಗೆ ನಮ್ಮ ಸೊಸೈಟಿ ಖಾತೆ ತೆಗೆಯೋದಿಲ್ಲ.

ಕೇಂದ್ರದವರೂ ಹೆಮ್ಮೆ ಪಡುವ ಹಾಗಿಲ್ಲ. ಕೇಂದ್ರ-ರಾಜ್ಯ ಎರಡೂ ಸೇರಿ ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಎರಡೂವರೆಯನ್ನು 2025ರೊಳಗೆ ಆರೋಗ್ಯಕ್ಕೆ ಇಡುತ್ತೇವೆ ಅಂತ ಅದೇ ನೀತಿಯಲ್ಲಿ ಮಾತು ಕೊಟ್ಟಿದ್ದರು. 2021–22ರ ಲೆಕ್ಕದಲ್ಲಿ ಅದು 1.84. ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ನೂರಕ್ಕೆ 64 ಇದ್ದದ್ದು 2021–22ರ ಹೊತ್ತಿಗೆ 39ಕ್ಕೆ ಇಳಿದಿತ್ತಂತೆ. ಇಳಿದಿದ್ದರೆ ಸಂತೋಷ. ಆದರೆ ಅದು ಹದಿನೈದು-ಇಪ್ಪತ್ತಕ್ಕೆ ಬಂದರೆ ಮಾತ್ರ ಮನೆ ಮುರಿಯೋದು ನಿಲ್ಲುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ಥೈಲ್ಯಾಂಡ್‌ನಲ್ಲಿ ಅದು ಹತ್ತರ ಆಸುಪಾಸು. ಅದೇ, ನೀವು ಫೋಟೋ ತೆಗೆಸಿಕೊಂಡು ಬಂದ ಊರು.

ಗ್ಯಾರಂಟಿ ಯೋಜನೆಗಳಿಂದಾಗಿ ರೊಕ್ಕ ಇಲ್ಲ ಅಂತ ಕೆಲವರು ಹೇಳುತ್ತಾರೆ, ಅದರಿಂದಲೇ ಮನೆ ನಡೀತಿದೆ ಅಂತ ಕೆಲವರು. ನಾನು ಆ ಜಗಳಕ್ಕೆ ಬರೋದಿಲ್ಲ. ನಾನು ನೋಡಿದ್ದು ಇಷ್ಟು. ಗೃಹಲಕ್ಷ್ಮಿಯ 2,000 ಬಂದ ಮೇಲೆ ನಮ್ಮ ಓಣಿಯ ಎಷ್ಟೋ ಹೆಣ್ಣುಮಕ್ಕಳು ಮೊದಲ ಸಲ ತಮ್ಮ ಹೆಸರಿನಲ್ಲಿ ಪಿಗ್ಮಿ ತೆಗೆದರು. ಒಬ್ಬಾಕೆ ಪಾಸ್‌ಬುಕ್ಕನ್ನು ದೇವರ ಜಗುಲಿಯ ಮೇಲೆ ಇಟ್ಟಿದ್ದಳು. ಏಳನೇ ತಿಂಗಳಿಗೆ ಒಡೆದಳು. 'ದ'. ಸರ್ಕಾರದ ರೊಕ್ಕ ಅವಳ ಖಾತೆಗೆ ಬಂತು, ಖಾತೆಯಿಂದ ನನ್ನ ಚೀಲಕ್ಕೆ, ನನ್ನ ಚೀಲದಿಂದ ಗೇಟಿನ ಎದುರಿಗಿನ ಮೆಡಿಕಲ್ ಅಂಗಡಿಗೆ. ಅಂಗಡಿಯವನು ಹೋದ ವರ್ಷ ಮೇಲೊಂದು ಮಹಡಿ ಕಟ್ಟಿಸಿದ. ಅವನದೂ ಪಿಗ್ಮಿ ಇದೆ, ದಿನಕ್ಕೆ ಸಾವಿರ. ಇಲ್ಲಿವರೆಗೂ ಒಡೆದಿಲ್ಲ.

ನಾನು ಶಾಲೆಗೆ ಹೋಗುವಾಗ ನಮ್ಮೂರಿನ ದವಾಖಾನೆಯ ಗೋಡೆ ಮೇಲೆ "ಕ್ರಿ.ಶ. 2000ಕ್ಕೆ ಸರ್ವರಿಗೂ ಆರೋಗ್ಯ" ಅಂತ ನೀಲಿ ಅಕ್ಷರದಲ್ಲಿ ಬರೆದಿತ್ತು. 1978ರಲ್ಲಿ ರಷ್ಯಾದವರ ಕೈಯಲ್ಲಿದ್ದ ಆಲ್ಮಾ-ಆಟಾ ಅನ್ನೋ ಊರಿನಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ದೇಶಗಳು ಕೂಡಿ ಆ ಮಾತು ಕೊಟ್ಟಿದ್ದವು ಅಂತ ಈಗ ಮಗಳಿಂದ ಗೊತ್ತಾಯಿತು. ನಮಗೆ ಆಗ ಅದು ಬರೀ ಗೋಡೆ ಬರಹ, ಅದರ ಕೆಳಗೆ ಕೂತು ಹುಣಸೆಹಣ್ಣು ತಿನ್ನುತ್ತಿದ್ದೆವು. ಈಗ ಆ ಗೋಡೆಗೆ ಸುಣ್ಣ ಬಳಿದಿದ್ದಾರೆ. ಮಳೆಗಾಲದಲ್ಲಿ ತೇವ ಹಿಡಿದಾಗ '2000' ಮಾತ್ರ ಸ್ವಲ್ಪ ಕಾಣುತ್ತದೆ.

ನಮಗೆ ಅಂತಾರಾಷ್ಟ್ರೀಯ ಮಟ್ಟದ ಗಾಜಿನ ಕಟ್ಟಡ ಬೇಡ. ನಮ್ಮ ಜಿಲ್ಲೆಯ ಎಷ್ಟೋ ಮಂದಿ ಈಗಲೂ ಜೀವ ಹೋಗುವಂಥದ್ದು ಏನಾದರೂ ಆದರೆ ಗಡಿ ದಾಟಿ ಮಹಾರಾಷ್ಟ್ರದ ಮೀರಜ್‌ಗೆ ಓಡುತ್ತಾರೆ. ನಮ್ಮ ಪಾಲಿಗೆ ಫಾರಿನ್ ಅಂದರೆ ಅದೇ. ಪಕ್ಕದ ವಿಜಯಪುರದಲ್ಲಿ 2025ರಲ್ಲಿ ಜನ ಬೀದಿಗೆ ಕೂತರು, ಖಾಸಗಿಯವರ ಸಹಭಾಗಿತ್ವದ ಮೆಡಿಕಲ್ ಕಾಲೇಜು ಬೇಡ, ಪೂರ್ತಿ ಸರ್ಕಾರಿಯದೇ ಬೇಕು ಅಂತ. ನನ್ನ ಮಗಳೂ ಒಂದು ದಿನ ಹೋಗಿ ಕೂತು ಬಂದಳು. ನಾನು ಬೈಯಲಿಲ್ಲ. ಮೊದಲಾಗಿದ್ದರೆ ಬೈಯುತ್ತಿದ್ದೆ.

ನನ್ನದು ಅಷ್ಟು ದೊಡ್ಡ ಬೇಡಿಕೆಯೂ ಅಲ್ಲ. ಹೊರಗಿನ ಚೀಟಿ ನಿಲ್ಲಿಸಿ. ಬಿಪಿ, ಸಕ್ಕರೆ ಇದ್ದವರಿಗೆ ಒಮ್ಮೆಗೆ ಮೂವತ್ತು ದಿನದ ಗುಳಿಗೆ ಕೊಡಿಸಿ. ಇವತ್ತು ಯಾವ ಔಷಧಿ ಇದೆ, ಯಾವುದು ಇಲ್ಲ ಅಂತ ಕೌಂಟರಿನ ಮುಂದೆ ಒಂದು ಕರಿ ಹಲಗೆ ತೂಗುಹಾಕಿಸಿ. ಇಲ್ಲದ್ದನ್ನು ಹೊರಗೆ ತರಲೇಬೇಕು ಅಂತಾದರೆ ದವಾಖಾನೆಯ ಕಾಗದದ ಮೇಲೆ, ಹೆಸರು-ಸೀಲು-ಸಹಿ ಹಾಕಿ ಬರೆಸಿ, ಬಿಲ್ಲನ್ನು ರಕ್ಷಾ ಸಮಿತಿಯಿಂದ ಕೊಡಿಸಿ. ಅಧ್ಯಕ್ಷರು ನೀವೇ ಅಲ್ವಾ? ಆಗ ನೋಡಿ, ಚೀಟಿ ತಾನಾಗೇ ನಿಲ್ಲುತ್ತದೆ. ಸಮಿತಿ ಸಭೆ ಕೊನೆಗೆ ಯಾವಾಗ ಕರೆದಿರಿ ಅಂತ ನಾನು ಕೇಳೋದಿಲ್ಲ. ದವಾಖಾನೆಯ ಕ್ಲಾರ್ಕ್ ಕೂಡ ನನ್ನ ಪಿಗ್ಮಿ ಗಿರಾಕಿ, ನನಗೆ ಗೊತ್ತಿದೆ.

ಹೊರಗಿನ ಚೀಟಿ ನಿಲ್ಲಿಸಿ ಸಾಹೇಬರೇ. ಮೂರನೇ ಸಲ ಕೇಳುತ್ತಿದ್ದೇನೆ, ಈ ಸಲ ಊರ ಮುಂದೆ ಕೇಳುತ್ತಿದ್ದೇನೆ.

ಅತ್ತೆ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಬಲಗೈ ಇನ್ನೂ ಏಳೋದಿಲ್ಲ, ಹಾಗಾಗಿ ಅಡಕೊತ್ತು ಹಿಡಿಯೋಕೆ ಬರೋದಿಲ್ಲ. ಅಡಕೆಯನ್ನು ನಾನೇ ಕತ್ತರಿಸಿ ಕೊಡುತ್ತೇನೆ. ಹೋದ ಸೋಮವಾರ ಕೌಂಟರಿನಲ್ಲಿ ಹತ್ತು ದಿನದ ಗುಳಿಗೆ ಕೊಟ್ಟಿದ್ದಾರೆ. ಬರುವ ಗುರುವಾರ ಮುಂಜಾನೆ ಒಂಬತ್ತೂವರೆಗೆ ನಾನು ಮತ್ತೆ ಆ ಸಾಲಿನಲ್ಲಿ ನಿಂತಿರುತ್ತೇನೆ. ನಿಮ್ಮ ಕಾರು ದಿನಾ ಅದೇ ಹೊತ್ತಿಗೆ ಆ ಗೇಟಿನ ಮುಂದೆ ಹಾಯುತ್ತದೆ.

ಇಂತಿ ನಿಮ್ಮ ಮತದಾರಳು,
ಪಿಗ್ಮಿ ಅಕ್ಕ
ಮಗ್ಗದ ಓಣಿ